ಉದ್ಯೋಗ: ಇಲ್ಲ

ನನ್ನ ಅತ್ತೆಗೆ ಈಗ 79 ವರ್ಷ. ಅವರ ಅಜ್ಜ ಇಟಲಿಯಿಂದ 1901ರಲ್ಲಿ ಅಮೆರಿಕಕ್ಕೆ ಬಂದ ಕಲ್ಲುಕುಟಿಗ. ವರ್ಮಾಂಟ್ ರಾಜ್ಯದ ಬ್ಯಾರಿ ಅನ್ನುವ ಊರಿನಲ್ಲಿ ಗ್ರಾನೈಟ್ ಕೆತ್ತುತ್ತಿದ್ದರು. 1921ರಲ್ಲಿ, 45ನೇ ವಯಸ್ಸಿನಲ್ಲಿ ತೀರಿಕೊಂಡರು. ಅತ್ತೆ ಹುಟ್ಟಿದ್ದು ಅದಾಗಿ 25 ವರ್ಷದ ಮೇಲೆ. ಹಾಗಾಗಿ ಅವರು ಕಂಡಿದ್ದು ಅಜ್ಜಿಯನ್ನು ಮಾತ್ರ. 1958ರಲ್ಲಿ ಅಜ್ಜಿ ಹೋದಾಗ ಅತ್ತೆಗೆ 12.

"ಮಂಡಿ ಪೂರ್ತಿ ಕೈಕೊಡುವ ಮೊದಲು ಇನ್ನೊಂದು ಸಲ ಬ್ಯಾರಿ ನೋಡಬೇಕು" ಅಂತ ಅತ್ತೆ ಎರಡು ವರ್ಷದಿಂದ ಹೇಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನು ಅವರಿಗೆ ‘ಅತ್ತೆ’ ಅನ್ನುವ ಪದ ಹೇಳಿಕೊಟ್ಟಿದ್ದೆ. ಅವರಿಗೆ ಅದು ಎಷ್ಟು ಇಷ್ಟವಾಯಿತು ಅಂದರೆ ಬೇರೆ ಹೇಗೆ ಕರೆದರೂ ಓಗೊಡುವುದಿಲ್ಲ. ಈ ಆಗಸ್ಟ್‌ನಲ್ಲಿ ನನ್ನ ಮಗಳಿಗೆ ಶಾಲೆ ಶುರುವಾಗುವ ಮುಂಚೆ ಐದು ದಿನ ಬಿಡುವು ಮಾಡಿಕೊಂಡೆ. ನಾನು, ಅತ್ತೆ, 13 ವರ್ಷದ ಮಗಳು, ಮೂವರೇ ಹೊರಟೆವು. ಮನೆಯವರ ಹೆಸರು ಇಲ್ಲಿ ಬರೆಯುವುದಿಲ್ಲ, ಅತ್ತೆಗೆ ಇಷ್ಟವಿಲ್ಲ. ಅಜ್ಜ, ಅಜ್ಜಿ ಅಂತಲೇ ಹೇಳುತ್ತೇನೆ.

ಹೊರಡುವ ಮೊದಲಿನ ಕಥೆ ಸ್ವಲ್ಪ ಹೇಳಬೇಕು. ಮನೆಯಲ್ಲಿ ಎಲ್ಲರೂ "ನಾವು ಕೋಮೋ ಕಡೆಯವರು" ಅನ್ನುತ್ತಿದ್ದರು. ಹಳೆಯ ಕಾಗದದಲ್ಲೂ ವಿಜ್ಜೂ, ಕೋಮೋ ಪ್ರಾಂತ್ಯ ಅಂತಲೇ ಇತ್ತು. ಈಗಿನ ಕೋಮೋ ಪ್ರಾಂತ್ಯದ ಊರುಗಳ ಪಟ್ಟಿಯಲ್ಲಿ ಹುಡುಕಿದರೆ ಆ ಊರೇ ಇಲ್ಲ. ಒಂದು ತಿಂಗಳು ಹಾಗೇ ಹೋಯಿತು. ಆಮೇಲೆ ಗೊತ್ತಾಯಿತು: 1927ರಲ್ಲಿ ವರೇಸೆ ಅಂತ ಹೊಸ ಪ್ರಾಂತ್ಯ ಮಾಡಿದಾಗ ವಿಜ್ಜೂ ಅದಕ್ಕೆ ಸೇರಿತು. ಸ್ವಿಟ್ಜರ್‌ಲೆಂಡ್ ಗಡಿಯ ಹತ್ತಿರದ ಊರು ಅದು. ತಲೆತಲಾಂತರದಿಂದ ಕಲ್ಲುಕುಟಿಗರ ಊರು. ಅಲ್ಲಿನ ಕಲ್ಲುಕುಟಿಗರ ಹೆಸರಿನಲ್ಲೇ ಒಂದು ಮ್ಯೂಸಿಯಂ ಕೂಡ ಇದೆ.

ಅಲ್ಲಿನ ಪುರಸಭೆಗೆ ಇಟಾಲಿಯನ್‌ನಲ್ಲಿ ಪತ್ರ ಬರೆದು, ಮದುವೆಯ ದಾಖಲೆಯ ಪೂರ್ತಿ ನಕಲು ಕೇಳಿದೆ. ಬರೀ ಸರ್ಟಿಫಿಕೇಟ್ ಕೇಳಿದರೆ ಹೆಸರು, ತಾರೀಖು ಅಷ್ಟೇ ಬರುತ್ತದೆ. ಪೂರ್ತಿ ನಕಲಿನಲ್ಲಿ ಮನೆಯೇ ಕಾಣುತ್ತದೆ. ತಂದೆಯ ಹೆಸರಿನ ಹಿಂದೆ ‘ದಿ’ ಅಂತಿದ್ದರೆ ಅವರು ಬದುಕಿದ್ದಾರೆ, ‘ಫು’ ಅಂತಿದ್ದರೆ ತೀರಿಕೊಂಡಿದ್ದಾರೆ ಅಂತ ಅರ್ಥ. ಈ ಎರಡಕ್ಷರ ನನ್ನನ್ನು ಕಾಪಾಡಿತು. ನಮ್ಮ ಕಡೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರಲ್ಲ, ಅಲ್ಲೂ ಹಾಗೇ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು. ಹಾಗಾಗಿ ಒಂದೇ ಊರಿನಲ್ಲಿ ಒಂದೇ ಹೆಸರಿನ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಮೂವರು ಸಿಕ್ಕಿದ್ದರು. ತಂದೆ ತೀರಿಕೊಂಡಿದ್ದ ಹುಡುಗ ಒಬ್ಬನೇ. ಅವನೇ ನಮ್ಮ ಅಜ್ಜ.

ದಾಖಲೆ 1900ರದ್ದು. ವರನ ಕೆಲಸ ‘ಸ್ಕಾಲ್ಪೆಲ್ಲಿನೋ’, ಕಲ್ಲುಕುಟಿಗ. ವಧುವಿನ ಕೆಲಸವನ್ನೂ ಬರೆದಿದ್ದರು: ‘ಫಿಲಾತ್ರಿಚೆ’, ನೂಲು ತೆಗೆಯುವವಳು. ಕೋಮೋ ಕಡೆ ಆಗ ನೂಲು ಅಂದರೆ ರೇಷ್ಮೆ. ರೇಷ್ಮೆ ಗಿರಣಿಗೆ ಅವರು ‘ಫಿಲಾಂದಾ’ ಅನ್ನುತ್ತಾರೆ.

ನಾನು ಶಿಡ್ಲಘಟ್ಟದವಳು. ಫಿಲಾಂದಾ ಅಂದರೆ ಏನು ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ‘ಫಿಲೇಚರ್’ ಅನ್ನುವುದೂ ಅದನ್ನೇ. 1860ರ ದಶಕದಲ್ಲಿ ದಿ ವೆಕಿ ಎಂಬ ಇಟಲಿಯವರು ಮೈಸೂರು ರೇಷ್ಮೆಯನ್ನು ಮೇಲೆತ್ತಲು ಕೆಂಗೇರಿಯಲ್ಲಿ ಹಬೆಯಿಂದ ನಡೆಯುವ ಫಿಲೇಚರ್ ಹಾಕಿದ್ದರು. ನನ್ನಜ್ಜಿ ಜೀವನಪೂರ್ತಿ ಚರಕದ ಮುಂದೆ ಕೂತವಳು. ಕುದಿಯುವ ನೀರಿನಲ್ಲಿ ಗೂಡು ಮುಳುಗಿಸಿ, ಬೆರಳ ತುದಿಯಿಂದ ಎಳೆ ಹುಡುಕಿ ಎತ್ತುತ್ತಿದ್ದಳು. ಅವಳ ಬೆರಳು ಯಾವಾಗಲೂ ಬೆಳ್ಳಗೆ, ನೆನೆದು ಸುಕ್ಕಾಗಿ ಇರುತ್ತಿದ್ದವು. ಸತ್ತ ಹುಳದ ವಾಸನೆ ಸೋಪು ಹಾಕಿದರೂ ಹೋಗುತ್ತಿರಲಿಲ್ಲ.

ಆ ಪದ ಓದಿ ಹೇಳಿದಾಗ ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೊನ್ನಾ, ಅಂದರೆ ಅಜ್ಜಿ, ಬಿಸಿ ಪಾತ್ರೆಯನ್ನು ಬಟ್ಟೆ ಇಲ್ಲದೆ ಹಾಗೇ ಎತ್ತುತ್ತಿದ್ದಳು. ಬೆರಳಿಗೆ ಏನೂ ಆಗುತ್ತಿರಲಿಲ್ಲ. ಯಾಕೆ ಅಂತ ನನಗೆ ಇವತ್ತು ಗೊತ್ತಾಯಿತು" ಅಂದರು.

ಅಜ್ಜನನ್ನು ಹುಡುಕಲು ಶುರುಮಾಡಿದ ಕೆಲಸದಲ್ಲಿ ನನಗೆ ಅಜ್ಜಿ ಜಾಸ್ತಿ ಕಾಣಲು ಶುರುವಾಗಿದ್ದು ಅವತ್ತಿನಿಂದ.

ಮೊದಲ ದಿನ: ಎಲ್ಲಿಸ್ ಐಲೆಂಡ್

ನಮ್ಮ ಮನೆ ನ್ಯೂಜೆರ್ಸಿಯಲ್ಲಿ. ಹಾಗಾಗಿ ಲಿಬರ್ಟಿ ಸ್ಟೇಟ್ ಪಾರ್ಕಿನಿಂದ ದೋಣಿ ಹಿಡಿದೆವು. ಬೆಳಗ್ಗೆ ಒಂಬತ್ತಕ್ಕೇ ಬಿಸಿಲು ಸುಡುತ್ತಿತ್ತು.

ಎಲ್ಲಿಸ್ ಐಲೆಂಡ್ ನ್ಯೂಯಾರ್ಕ್ ಬಂದರಿನ ಒಂದು ದ್ವೀಪ. ಹಡಗಿನಲ್ಲಿ ಬಂದ ವಲಸಿಗರನ್ನು ಪರೀಕ್ಷಿಸುತ್ತಿದ್ದ ಕೇಂದ್ರ ಇಲ್ಲಿ ಶುರುವಾಗಿದ್ದು 1892ರ ಜನವರಿ 1ಕ್ಕೆ. ಮೊದಲ ಕಟ್ಟಡ ಮರದ್ದು. 1897ರ ಜೂನ್‌ನಲ್ಲಿ ಬೆಂಕಿ ಬಿದ್ದು ಪೂರ್ತಿ ಸುಟ್ಟಿತು. ಈಗ ಕಾಣುವ ಇಟ್ಟಿಗೆ ಕಟ್ಟಡ ತೆರೆದಿದ್ದು 1900ರ ಡಿಸೆಂಬರ್ 17ಕ್ಕೆ. ಅಜ್ಜ ಬಂದಿದ್ದು 1901ರ ವಸಂತದಲ್ಲಿ. ಅಂದರೆ ಗೋಡೆಯ ಬಣ್ಣ ಇನ್ನೂ ಹೊಸದಾಗಿದ್ದಾಗ. ಫ್ರಾನ್ಸಿನ ಲ ಹಾವ್ರ್ ಬಂದರಿನಿಂದ ಹಡಗು ಹತ್ತಿದ್ದರು. ಉತ್ತರ ಇಟಲಿಯ ಎಷ್ಟೋ ಜನ ಹಾಗೆ ರೈಲಿನಲ್ಲಿ ಫ್ರಾನ್ಸ್ ದಾಟಿ ಬರುತ್ತಿದ್ದರು.

ಇಲ್ಲಿ ಒಂದು ಮಾತು ಹೇಳಲೇಬೇಕು. "ಎಲ್ಲಿಸ್ ಐಲೆಂಡಿನಲ್ಲಿ ನಮ್ಮ ಹೆಸರು ಬದಲಾಯಿಸಿಬಿಟ್ಟರು" ಅಂತ ಅಮೆರಿಕದ ಅರ್ಧ ಮನೆಗಳಲ್ಲಿ ಹೇಳುತ್ತಾರೆ. ಹಾಗೆ ಆಗುತ್ತಿರಲಿಲ್ಲ. ಪ್ರಯಾಣಿಕರ ಪಟ್ಟಿ ಬರೆಯುತ್ತಿದ್ದದ್ದು ಹಡಗು ಹೊರಡುವ ಕಡೆ, ಹಡಗಿನ ಕಂಪನಿಯವರು. ಇಲ್ಲಿನ ಅಧಿಕಾರಿ ಆ ಪಟ್ಟಿ ಎದುರಿಗಿಟ್ಟುಕೊಂಡು ಪ್ರಶ್ನೆ ಕೇಳಿ, ಟಿಕ್ ಹಾಕುತ್ತಿದ್ದ. ಹೆಸರು ಬದಲಾಗುತ್ತಿದ್ದದ್ದು ಆಮೇಲೆ: ಶಾಲೆಯಲ್ಲಿ, ಸಂಬಳದ ಪುಸ್ತಕದಲ್ಲಿ, ಎಷ್ಟೋ ಸಲ ಅವರವರ ಇಷ್ಟದಿಂದಲೇ. ಇದು ಗೊತ್ತಿದ್ದರೆ ಹುಡುಕುವವರಿಗೆ ಅನುಕೂಲ. ಹಡಗಿನ ಪಟ್ಟಿಯಲ್ಲಿ ಹುಡುಕಬೇಕಾದದ್ದು ಇಟಲಿಯ ಹೆಸರನ್ನೇ.

ಅಜ್ಜನ ಸಾಲು ನನಗೆ ಬಾಯಿಪಾಠ. ವಯಸ್ಸು 25, ಮದುವೆಯಾಗಿದೆ, ಕಲ್ಲುಕುಟಿಗ, ಓದಲು ಬರೆಯಲು ಬರುತ್ತದೆ, ಹೋಗುವುದು ಬ್ಯಾರಿಗೆ, ಭಾವಮೈದುನನ ಮನೆಗೆ. ಅವತ್ತು ನಾನು ಅತ್ತೆಗೆ ತೋರಿಸಬೇಕು ಅಂದುಕೊಂಡಿದ್ದು ಇನ್ನೊಂದು ಕಾಗದ. 1905ರದ್ದು. ಅಜ್ಜಿಯದ್ದು.

ಅಜ್ಜ ಹೊರಟಾಗ ಅಜ್ಜಿ ಬಸುರಿ. ನಾಲ್ಕು ವರ್ಷ ಕಾದು, ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಬಂದಳು. ಆ ಪಟ್ಟಿಯಲ್ಲಿ ‘ಜನಾಂಗ’ ಅಂತ ಒಂದು ಕಾಲಂ. ಅದರಲ್ಲಿ ‘ಉತ್ತರ ಇಟಾಲಿಯನ್’ ಅಂತಿದೆ. ಇಟಲಿಯವರನ್ನು ಉತ್ತರ, ದಕ್ಷಿಣ ಅಂತ ಎರಡು ಜಾತಿ ಮಾಡಿ ಲೆಕ್ಕ ಹಾಕುತ್ತಿದ್ದರು ಆಗ. ಸಾಲಿನ ಎಡಕ್ಕೆ ಅಂಚಿನಲ್ಲಿ ಒಂದು ‘ಎಕ್ಸ್’ ಗುರುತು. ಎಷ್ಟೋ ಜನ ಅದನ್ನು ನೋಡಿ ಏನೋ ತಪ್ಪು ಮಾಡಿದ್ದರು ಅಂದುಕೊಳ್ಳುತ್ತಾರೆ. ಅದರ ಅರ್ಥ ತಡೆಹಿಡಿದಿದ್ದರು ಅಂತ ಅಷ್ಟೇ. ಆ ಗುರುತು ಕಂಡರೆ ಅಲ್ಲಿಗೇ ನಿಲ್ಲಬಾರದು. ಅದೇ ಹಡಗಿನ ಪಟ್ಟಿಯ ಕೊನೆಗೆ ಹೋಗಬೇಕು. ತಡೆಹಿಡಿದವರಿಗೆ ಬೇರೆ ಹಾಳೆ ಇರುತ್ತದೆ.

ಆ ಹಾಳೆಯಲ್ಲಿ ಕಾರಣ: ‘ಗಂಡನ ಬಳಿಗೆ’. ಒಂಟಿ ಹೆಂಗಸನ್ನು, ಮಗುವಿನ ಜೊತೆ, ಕರೆದುಕೊಂಡು ಹೋಗುವವರು ಬರುವ ತನಕ ಅಥವಾ ತಂತಿ, ದುಡ್ಡು ಬರುವ ತನಕ ಹೊರಗೆ ಬಿಡುತ್ತಿರಲಿಲ್ಲ. ಬಲಗಡೆ ಮೂರು ಸಣ್ಣ ಕಾಲಂ. ಕೊಟ್ಟ ಊಟದ ಲೆಕ್ಕ. ಬೆಳಗಿನ ತಿಂಡಿ 2, ಮಧ್ಯಾಹ್ನದ ಊಟ 3, ರಾತ್ರಿ ಊಟ 2. ಖರ್ಚು ಹಡಗಿನ ಕಂಪನಿಯ ಲೆಕ್ಕಕ್ಕೆ ಹೋಗಬೇಕಿತ್ತು, ಅದಕ್ಕೇ ಅಷ್ಟು ಶಿಸ್ತಾಗಿ ಬರೆದಿದ್ದಾರೆ. ಅದರಿಂದಲೇ ನಮಗೆ ಗೊತ್ತಾಗುವುದು: ಅಜ್ಜಿ ಇಲ್ಲಿ ಎರಡು ರಾತ್ರಿ ಕಳೆದಳು.

ರಿಜಿಸ್ಟ್ರಿ ರೂಮ್ ಎಂಬ ಆ ದೊಡ್ಡ ಹಾಲಿನ ಬೆಂಚಿನ ಮೇಲೆ ಕೂತು ಆ ಹಾಳೆ ತೋರಿಸಿದೆ. ಜನ ಮೆಟ್ಟಿಲು ಹತ್ತುವಾಗಲೇ ಡಾಕ್ಟರು ಮೇಲಿನಿಂದ ನೋಡುತ್ತಿದ್ದರು. ಏದುಸಿರು ಬಿಟ್ಟರೆ, ಕುಂಟಿದರೆ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು. 1905ರಲ್ಲಿ ಟ್ರಕೋಮಾ ಎಂಬ ಕಣ್ಣಿನ ಕಾಯಿಲೆಗೆ ರೆಪ್ಪೆ ಮಗುಚಿ ನೋಡುತ್ತಿದ್ದರು. ಬೂಟಿನ ಗುಂಡಿ ಹಾಕುವ ಕೊಕ್ಕೆಯನ್ನೂ ಅದಕ್ಕೆ ಬಳಸುತ್ತಿದ್ದರು. ನನ್ನ ಮಗಳು ತನ್ನ ಕಣ್ಣು ಮುಟ್ಟಿಕೊಂಡಳು.

"ಆ ಮಗು ಅತ್ತಳಾ?" ಅಂತ ಕೇಳಿದಳು.

"ಅವಳು ನನ್ನ ದೊಡ್ಡಮ್ಮ" ಅಂದರು ಅತ್ತೆ. "ಬದುಕಿದ್ದಷ್ಟು ದಿನ ಅವಳು ಮತ್ತೆ ದೋಣಿ ಹತ್ತಲಿಲ್ಲ. ಕೆರೆಯಲ್ಲಿ ಸುಮ್ನೆ ಒಂದು ಸುತ್ತು ಅಂದರೂ ಬರುತ್ತಿರಲಿಲ್ಲ."

ಎರಡನೇ ದಿನ: ದಾರಿ

ಬ್ಯಾರಿ ನಮ್ಮ ಮನೆಯಿಂದ ಹತ್ತಿರ ಹತ್ತಿರ 480 ಕಿಲೋಮೀಟರ್. ಕನೆಕ್ಟಿಕಟ್ ನದಿಯ ಪಕ್ಕದ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗಿ, ವೈಟ್ ರಿವರ್ ಜಂಕ್ಷನ್‌ನಲ್ಲಿ ಎಡಕ್ಕೆ ತಿರುಗಿದರೆ ಆಮೇಲೆ ಬರೀ ಹಸಿರು ಗುಡ್ಡ. ಅತ್ತೆ ಮುಂದಿನ ಸೀಟಿನಲ್ಲಿ ನಿದ್ದೆ ಮಾಡಿದರು. ಚಿತ್ರಾನ್ನ ಕಟ್ಟಿಕೊಂಡಿದ್ದೆವು, ದಾರಿಯಲ್ಲಿ ತಿಂದೆವು. ಹೇಳಲು ಬೇರೇನೂ ಇಲ್ಲ.

ಊರೊಳಗೆ ಹೋಗುವಾಗ ಸಂಜೆ ಐದು. ಮೊದಲು ಕಂಡಿದ್ದು ಮೇನ್ ಸ್ಟ್ರೀಟಿನ ತುದಿಯಲ್ಲಿ ನಿಂತ ಕಲ್ಲಿನ ಮನುಷ್ಯ. ಏಪ್ರನ್ ಕಟ್ಟಿಕೊಂಡು, ಕೈಯಲ್ಲಿ ಸುತ್ತಿಗೆ, ಉಳಿ ಹಿಡಿದಿದ್ದಾನೆ. ಇಟಲಿಯಿಂದ ಬಂದ ಕಲ್ಲುಕುಟಿಗರ ನೆನಪಿಗೆ 1985ರಲ್ಲಿ ನಿಲ್ಲಿಸಿದ್ದು, 23 ಅಡಿ ಎತ್ತರ. ಅತ್ತೆ ಕಾರು ನಿಲ್ಲಿಸು ಅಂದರು. ಇಳಿಯಲಿಲ್ಲ. ಕಿಟಕಿ ಇಳಿಸಿ ನೋಡುತ್ತಾ ಕೂತರು.

ಮೂರನೇ ದಿನ: ಕಾಗದ

ಇಡೀ ದಿನ ಕಾಗದದ ನಡುವೆ. ನನ್ನ ಮಟ್ಟಿಗೆ ಈ ಪ್ರವಾಸದ ಜೀವ ಇರುವುದು ಈ ದಿನದಲ್ಲಿ.

ಊರಿನ ಸಾರ್ವಜನಿಕ ಲೈಬ್ರರಿಯ ಹೆಸರು ಆಲ್ಡ್ರಿಚ್. ಬ್ಯಾರಿಯ ಹಳೆಯ ಡೈರೆಕ್ಟರಿಗಳು, ಫೋಟೋಗಳು ಅಲ್ಲಿವೆ. ವರ್ಮಾಂಟ್ ಹಿಸ್ಟಾರಿಕಲ್ ಸೊಸೈಟಿಯ ಲೈಬ್ರರಿಯೂ ಇದೇ ಊರಿನಲ್ಲಿದೆ. ಹಳೆಯ ಹೈಸ್ಕೂಲ್ ಕಟ್ಟಡ ಅದು. ಎದುರಿಗೆ ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಪ್ರತಿಮೆ, 1899ರದ್ದು. ಇಲ್ಲಿಗೆ ಮೊದಲು ಬಂದ ಕಲ್ಲುಕುಟಿಗರು ಸ್ಕಾಟ್ಲೆಂಡಿನವರು. ಅವರು ತಮ್ಮ ಕವಿಗೆ ಪ್ರತಿಮೆ ಬೇಕು ಅಂದರು, ಕೆತ್ತಿದವರು ಇಟಲಿಯವರು. ಪೀಠದ ಮೇಲಿನ ಚಿತ್ರಗಳನ್ನು ಕೆತ್ತಿದವರು ಎಲಿಯಾ ಕೋರ್ತಿ. ಆ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

1875ರಲ್ಲಿ ರೈಲು ಬಂದ ಮೇಲೆ ಈ ಊರು ಉಬ್ಬಿತು. 1880ರಲ್ಲಿ ಸುಮಾರು 2,000 ಜನ. 1910ಕ್ಕೆ 10,000 ದಾಟಿತ್ತು. ಇಟಲಿಯ ಕರಾರಾದಿಂದ, ವಿಜ್ಜೂ ಕಡೆಯಿಂದ ಒಬ್ಬರ ಬೆನ್ನಿಗೆ ಒಬ್ಬರು ಬಂದರು.

ಮೊದಲ ಕೆಲಸ, ಅಜ್ಜನ ಮರಣ ದಾಖಲೆ. ಒಂದು ಕಚೇರಿಯಲ್ಲಿ "ಆ ಹೆಸರಿನವರು ಯಾರೂ ಇಲ್ಲ" ಅಂದರು. ನನಗೆ ಕೈಕಾಲು ತಣ್ಣಗಾಯಿತು. ಅತ್ತೆ ಮಾತ್ರ ಕದಲಲಿಲ್ಲ. ಚೀಟಿಯ ಮೇಲೆ ತಮ್ಮ ಅಮ್ಮ ಬರೆಯುತ್ತಿದ್ದ ರೀತಿಯಲ್ಲೇ ಮೊದಲ ಅಕ್ಷರ ಬರೆದು ತೋರಿಸಿದರು. ಇಟಲಿಯವರ ಹಳೆಯ ಬರವಣಿಗೆಯಲ್ಲಿ ದೊಡ್ಡ ‘ಎಸ್’ ನೋಡಲು ‘ಎಲ್’ ತರಹವೇ ಇರುತ್ತದೆ. ‘ಎಲ್’ ಕೆಳಗೆ ಹುಡುಕಿದರು. ಎರಡು ನಿಮಿಷದಲ್ಲಿ ಸಿಕ್ಕಿತು.

ಕೆಲಸ: ಗ್ರಾನೈಟ್ ಕಟರ್. ಸಾವಿಗೆ ಕಾರಣ: ಶ್ವಾಸಕೋಶದ ಟಿಬಿ.

"ನೋಡು, ಟಿಬಿಯೇ" ಅಂದರು ಅತ್ತೆ. ಅವರ ದನಿ ಸಣ್ಣದಾಗಿತ್ತು. ಟಿಬಿ ಅಂದರೆ ಆ ಕಾಲದಲ್ಲಿ ಮನೆಗೆ ಕಳಂಕ. ಅಜ್ಜನ ಬಗ್ಗೆ ಅವರ ಅಮ್ಮ ಜಾಸ್ತಿ ಮಾತಾಡುತ್ತಿರಲಿಲ್ಲ. ಯಾಕೆ ಅಂತ ಅತ್ತೆಗೆ ಗೊತ್ತಿತ್ತು.

ನಾನು ಅಲ್ಲೇ ಕೂತು ಅವರಿಗೆ ಹೇಳಿದೆ. ವಿಜ್ಜೂ ಕಲ್ಲು ಸುಣ್ಣದ ಜಾತಿಯದ್ದು. ಅದರ ಧೂಳು ಎದೆಗೆ ಅಷ್ಟು ಕೇಡು ಮಾಡುವುದಿಲ್ಲ. ಗ್ರಾನೈಟ್ ಹಾಗಲ್ಲ. ಅದರಲ್ಲಿ ಸುಮಾರು ಕಾಲು ಭಾಗ ಸ್ಫಟಿಕ, ಅಂದರೆ ಸಿಲಿಕಾ. ಮೊದಲು ಕೈಯಲ್ಲಿ ಸುತ್ತಿಗೆ ಹಿಡಿದು ಕೆತ್ತುವಾಗ ಚೂರು ದಪ್ಪಗೆ ಬೀಳುತ್ತಿತ್ತು. ಗಾಳಿಯ ಒತ್ತಡದಿಂದ ನಡೆಯುವ ಯಂತ್ರದ ಉಳಿ ಬಂದ ಮೇಲೆ ಕಲ್ಲು ಹಿಟ್ಟಾಯಿತು. ಕಣ್ಣಿಗೆ ಕಾಣದಷ್ಟು ನುಣುಪು. ಮೇಲಾಗಿ ವರ್ಮಾಂಟಿನ ಚಳಿ. ಶೆಡ್ಡಿನ ಬಾಗಿಲು, ಕಿಟಕಿ ಎಲ್ಲಾ ಮುಚ್ಚಿ ಕೆಲಸ ಮಾಡುತ್ತಿದ್ದರು. ಆ ಧೂಳು ಶ್ವಾಸಕೋಶದೊಳಗೆ ಹೋಗಿ ಗಾಯ ಮಾಡಿ, ಗಾಯ ಗಟ್ಟಿಯಾಗಿ, ಉಸಿರಿಗೆ ಜಾಗವೇ ಇಲ್ಲದಂತಾಗುತ್ತದೆ. ಇದೇ ಸಿಲಿಕೋಸಿಸ್. ಹಾಗೆ ಹಾಳಾದ ಎದೆಗೆ ಟಿಬಿ ಬೇಗ ಹತ್ತುತ್ತದೆ. ಕಾಗದದಲ್ಲಿ ಬರೆಯುವುದು ಕೊನೆಗೆ ಬಂದ ಕಾಯಿಲೆಯ ಹೆಸರನ್ನು. 1920ರ ದಶಕದಲ್ಲಿ ಸರ್ಕಾರದ ಆರೋಗ್ಯ ಇಲಾಖೆಯವರು ಬ್ಯಾರಿಯ ಶೆಡ್‌ಗಳಲ್ಲಿ ಧೂಳು ಅಳೆದು, ಕೆಲಸಗಾರರ ಎದೆ ಪರೀಕ್ಷೆ ಮಾಡಿ, 1929ರಲ್ಲಿ ವರದಿ ಕೊಟ್ಟರು. ಧೂಳು ಎಳೆದುಕೊಳ್ಳುವ ಯಂತ್ರ ಶೆಡ್‌ಗಳಿಗೆ ಬಂದಿದ್ದು 1930ರ ದಶಕದ ಕೊನೆಗೆ. ಆಮೇಲೆ ಕೆಲಸಕ್ಕೆ ಸೇರಿದವರಲ್ಲಿ ಈ ಕಾಯಿಲೆ ಬಹುಮಟ್ಟಿಗೆ ನಿಂತೇ ಹೋಯಿತು. ಅಜ್ಜನಿಗೆ ಅದು ತಡವಾಯಿತು.

"ಹಾಗಾದರೆ ನನ್ನ ಅಮ್ಮ ನಾಚಿಕೆ ಪಡಬೇಕಾದ್ದು ಏನೂ ಇರಲಿಲ್ಲ" ಅಂದರು ಅತ್ತೆ.

"ಇರಲಿಲ್ಲ ಅತ್ತೆ."

ಮಧ್ಯಾಹ್ನ ಊಟ ಮಾಡಿ ಜನಗಣತಿ ಹಿಡಿದು ಕೂತೆ. ಅಮೆರಿಕದಲ್ಲಿ ಹತ್ತು ವರ್ಷಕ್ಕೊಮ್ಮೆ ಗಣತಿ. 72 ವರ್ಷ ಆದ ಮೇಲೆ ಪ್ರತಿ ಮನೆಯ ಹಾಳೆಯನ್ನೂ ಯಾರು ಬೇಕಾದರೂ ನೋಡಬಹುದು. 1910, 1920 ಮನೆಯಲ್ಲೇ ಸಿಕ್ಕಿದ್ದವು. 1930 ಮಾತ್ರ ಹೆಸರು ಹಾಕಿ ಎಷ್ಟು ಹುಡುಕಿದರೂ ಬಂದಿರಲಿಲ್ಲ. ಹೆಸರು ಕೈಕೊಟ್ಟಾಗ ವಿಳಾಸ ಹಿಡಿಯಬೇಕು. ಆ ವರ್ಷದ ಊರಿನ ಡೈರೆಕ್ಟರಿಯಲ್ಲಿ ಅಜ್ಜಿಯ ಹೆಸರಿನ ಮುಂದೆ ಬೀದಿ, ಮನೆ ನಂಬರ್ ಇತ್ತು. ಆ ಬೀದಿ ಯಾವ ಗಣತಿ ವಿಭಾಗಕ್ಕೆ ಬರುತ್ತದೆ ಅಂತ ನೋಡಿಕೊಂಡು, ಆ ವಿಭಾಗದ ಹಾಳೆಗಳನ್ನು ಒಂದೊಂದಾಗಿ ತಿರುವುತ್ತಾ ಹೋದೆ. ಹದಿನೇಳನೇ ಹಾಳೆಯಲ್ಲಿ ಸಿಕ್ಕಿದಳು.

ಮನೆಯ ಯಜಮಾನಿ, ವಿಧವೆ, ವಯಸ್ಸು 50. ಮೂವರು ಮಕ್ಕಳು. ಕೊನೆಯವಳು 18 ವರ್ಷದ ಹುಡುಗಿ, ಅತ್ತೆಯ ಅಮ್ಮ. ಅವರ ಕೆಳಗೆ ಐದು ಗಂಡಸರ ಹೆಸರು, ಐವರೂ ಬಾಡಿಗೆಗೆ ಇದ್ದವರು. ಐವರಿಗೂ ಕೆಲಸ ಬರೆದಿದೆ: ಕಲ್ಲು ಕೆತ್ತುವವನು, ಕಲ್ಲು ಪಾಲಿಶ್ ಮಾಡುವವನು, ಉಳಿ ಹರಿತ ಮಾಡುವವನು. ಅಜ್ಜಿಯ ಸಾಲಿನಲ್ಲಿ ಉದ್ಯೋಗದ ಕಾಲಂಗೆ ಬಂದರೆ ಒಂದೇ ಪದ. ‘ನನ್.’ ಇಲ್ಲ.

ಐದು ಜನ ಗಂಡಸರಿಗೆ, ಮೂರು ಮಕ್ಕಳಿಗೆ ದಿನಕ್ಕೆ ಮೂರು ಹೊತ್ತು ಬೇಯಿಸಿ ಹಾಕುವವಳಿಗೆ. ಅವರ ಮಧ್ಯಾಹ್ನದ ಡಬ್ಬಿ ಕಟ್ಟುವವಳಿಗೆ. ಕಲ್ಲಿನ ಹಿಟ್ಟು ಮೆತ್ತಿದ ಐದು ಜೊತೆ ಬಟ್ಟೆ ಒಗೆಯುವವಳಿಗೆ. ಉದ್ಯೋಗ ಇಲ್ಲ.

ನನ್ನ ಅಜ್ಜಿಯ ರೇಷನ್ ಕಾರ್ಡ್ ನೆನಪಾಯಿತು. ಅದರಲ್ಲಿ ಅವಳು ‘ಗೃಹಿಣಿ’. ಚರಕ ಇದ್ದದ್ದು ಮನೆಯ ಹಿಂದೆ ಶೀಟಿನ ಕೆಳಗೆ, ಅದಕ್ಕೆ. ತಾತ ಗೂಡಿನ ಮಾರುಕಟ್ಟೆಗೆ ಹೋಗಿ ಬರುತ್ತಿದ್ದರು, ಹಾಗಾಗಿ ಅವರು ‘ರೀಲರ್’. ದಿನಕ್ಕೆ ಹತ್ತು ಗಂಟೆ ನೂಲು ಬಿಚ್ಚುತ್ತಿದ್ದವಳು ಬರೀ ಗೃಹಿಣಿ.

ಆಮೇಲೆ ಕಣ್ಣಿಗೆ ಬಿದ್ದಿದ್ದು ಇನ್ನೊಂದು ಕಾಲಂ. ಮನೆ ಸ್ವಂತದ್ದೋ, ಬಾಡಿಗೆಯದ್ದೋ. 1920ರಲ್ಲಿ ಅಜ್ಜ ಬದುಕಿದ್ದಾಗ ಬಾಡಿಗೆ. 1930ರಲ್ಲಿ ಸ್ವಂತ. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಕಚೇರಿ ಮುಚ್ಚಲು ಇನ್ನೂ ಒಂದು ಗಂಟೆ ಇತ್ತು. ಮೂವರೂ ಹೆಚ್ಚುಕಡಿಮೆ ಓಡಿದೆವು. ಆಸ್ತಿ ನೋಂದಣಿಯ ದಪ್ಪ ಪುಸ್ತಕದಲ್ಲಿ ಕ್ರಯಪತ್ರ ಸಿಕ್ಕಿತು. 1926. ಕೊಂಡವರ ಜಾಗದಲ್ಲಿ ಅಜ್ಜಿಯ ಹೆಸರು, ಒಬ್ಬಳದ್ದೇ. ಗಂಡ ಸತ್ತ ಐದೇ ವರ್ಷಕ್ಕೆ.

"ಹೇಗೆ ಕೊಂಡಳು?" ಅಂದಳು ಮಗಳು.

ಅತ್ತೆ ನಕ್ಕರು. ಆ ದಿನದ ಮೊದಲ ನಗು. 1920ರಿಂದ 1933ರ ತನಕ ಅಮೆರಿಕದಲ್ಲಿ ಪಾನನಿಷೇಧ ಇತ್ತಲ್ಲ. ಬ್ಯಾರಿಯ ಇಟಾಲಿಯನ್ ವಿಧವೆಯರಲ್ಲಿ ಎಷ್ಟೋ ಜನ ಮನೆಯಲ್ಲಿ ವೈನ್, ಗ್ರಾಪಾ ಮಾಡಿ, ಅಡುಗೆಮನೆಯ ಮೇಜಿನ ಮೇಲೇ ಗ್ಲಾಸಿಗಿಷ್ಟು ಅಂತ ಮಾರಿ ಮಕ್ಕಳನ್ನು ಸಾಕಿದರು. ಗ್ರಾಪಾ ಅಂದರೆ ದ್ರಾಕ್ಷಿ ಹಿಂಡಿ ಉಳಿದ ಚರಟದಿಂದ ಇಳಿಸುವ ಗಟ್ಟಿ ಮದ್ಯ. ಇದು ಇಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. "ನಾನು ಚಿಕ್ಕವಳಿದ್ದಾಗ ನೊನ್ನಾ ಮನೆಯ ನೆಲಮಾಳಿಗೆಯಲ್ಲಿ ಇನ್ನೂ ದ್ರಾಕ್ಷಿ ವಾಸನೆ ಇತ್ತು" ಅಂದರು ಅತ್ತೆ. "ಕಳ್ಳ ಕೆಲಸ ಅಂತ ಅಮ್ಮ ಅದನ್ನೂ ಹೇಳುತ್ತಿರಲಿಲ್ಲ. ನನಗೆ ಮಾತ್ರ ಹೆಮ್ಮೆ."

ನನಗೂ ಹೆಮ್ಮೆಯೇ ಆಯಿತು.

ನಾಲ್ಕನೇ ದಿನ: ಕ್ವಾರಿ, ಸಭಾಂಗಣ, ಮನೆ

ಬೆಳಗ್ಗೆ ರಾಕ್ ಆಫ್ ಏಜಸ್ ಕ್ವಾರಿಗೆ ಹೋದೆವು. ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ಸುಮಾರು 600 ಅಡಿ ಆಳ. ಬೂದು ಬಣ್ಣದ ಗೋಡೆ, ಅಡಿಯಲ್ಲಿ ಹಸಿರು ನೀರು. ಈಗ ಕಲ್ಲು ಕೊಯ್ಯುವಾಗ ನೀರು ಬಿಡುತ್ತಾರೆ, ಧೂಳು ಏಳುವುದಿಲ್ಲ. ಅತ್ತೆ ಬಹಳ ಹೊತ್ತು ನೋಡಿದ್ದು ಆಳವನ್ನಲ್ಲ, ಆ ನೀರನ್ನು.

ಮಧ್ಯಾಹ್ನ ಗ್ರಾನೈಟ್ ಸ್ಟ್ರೀಟಿನ ಸೋಷಿಯಲಿಸ್ಟ್ ಲೇಬರ್ ಪಾರ್ಟಿ ಹಾಲ್. 1900ರಲ್ಲಿ ಇಟಲಿಯ ಕೆಲಸಗಾರರು ತಾವೇ ಸೇರಿ ಕಟ್ಟಿಕೊಂಡ ಎರಡಂತಸ್ತಿನ ಇಟ್ಟಿಗೆ ಕಟ್ಟಡ. ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿದ ತೋಳು, ಸುತ್ತಿಗೆ. ಕೆಳಗೆ ಅವರದ್ದೇ ಸಹಕಾರಿ ಅಂಗಡಿ ಇತ್ತು. 1903ರ ಅಕ್ಟೋಬರ್ 3ರ ರಾತ್ರಿ ಇಲ್ಲಿ ಒಂದು ಭಾಷಣಕ್ಕೆ ಜನ ಸೇರಿದ್ದರು. ಸಮಾಜವಾದಿಗಳಿಗೂ ಅರಾಜಕತಾವಾದಿಗಳಿಗೂ ಜಗಳವಾಯಿತು. ಗುಂಡು ಹಾರಿತು. ತಗುಲಿದ್ದು ಎಲಿಯಾ ಕೋರ್ತಿಗೆ, ಬರ್ನ್ಸ್ ಪೀಠ ಕೆತ್ತಿದ ಅವರಿಗೇ. ಮರುದಿನ ತೀರಿಕೊಂಡರು.

ಆದರೆ ಅತ್ತೆಗೆ ಅಜ್ಜಿಯಿಂದ ಗೊತ್ತಿದ್ದ ಕಥೆ ಬೇರೆ. 1912ರಲ್ಲಿ ಮ್ಯಾಸಚೂಸೆಟ್ಸ್‌ನ ಲಾರೆನ್ಸ್ ಊರಿನ ಬಟ್ಟೆ ಗಿರಣಿಗಳಲ್ಲಿ ದೊಡ್ಡ ಮುಷ್ಕರ. ಮಕ್ಕಳಿಗೆ ಹೊಟ್ಟೆಗಿಲ್ಲ ಅಂತ ಅವರನ್ನು ಬೇರೆ ಊರುಗಳಿಗೆ ಕಳಿಸಿದರು. ಫೆಬ್ರವರಿ 17ಕ್ಕೆ 35 ಮಕ್ಕಳು ರೈಲಿನಲ್ಲಿ ಬ್ಯಾರಿಗೆ ಬಂದರು. ಅವರನ್ನು ಈ ಸಭಾಂಗಣಕ್ಕೇ ಕರೆತಂದರು. ಆಮೇಲೆ ಇಲ್ಲಿನ ಮನೆಗಳವರು ಹಂಚಿಕೊಂಡು ಸಾಕಿದರು. ಆ ವರ್ಷವೇ ಅತ್ತೆಯ ಅಮ್ಮ ಹುಟ್ಟಿದ್ದು. "ನಿನ್ನಮ್ಮ ಹೊಟ್ಟೆಯಲ್ಲಿದ್ದಳು, ಹಿಮ ಬೀಳುತ್ತಿತ್ತು, ನಾನು ಸೂಪಿನ ಪಾತ್ರೆ ಹೊತ್ತು ಹೋಗಿದ್ದೆ" ಅಂತ ಅಜ್ಜಿ ಹೇಳುತ್ತಿದ್ದಳಂತೆ. ನಾವು ಹೋದಾಗ ಹಾಲ್ ಖಾಲಿ. ಮರದ ನೆಲ ನಡೆದರೆ ಕಿರ್ ಅನ್ನುತ್ತದೆ. ಅತ್ತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಕೋಲೂರಿಕೊಂಡು ಒಂದು ಸಲ ನಡೆದು ಬಂದರು.

ಸಂಜೆ ಊರಿನ ಉತ್ತರ ಭಾಗಕ್ಕೆ. ಇಟಲಿಯವರು ಜಾಸ್ತಿ ಇದ್ದದ್ದು ಆ ಕಡೆ. ಮನೆ ಇನ್ನೂ ಇದೆ. ಮರದ ಮನೆ, ಎರಡಂತಸ್ತು, ಬಣ್ಣ ಬದಲಾಗಿದೆ. ಒಳಗೆ ಬೇರೆ ಸಂಸಾರ. ನಾವು ಬಾಗಿಲು ತಟ್ಟಲಿಲ್ಲ. ಅತ್ತೆ ರಸ್ತೆಯಿಂದಲೇ ಮೇಲಿನ ಕಿಟಕಿಗಳನ್ನು ಬೆರಳಲ್ಲಿ ಎಣಿಸಿದರು. "ಅದು ಬಾಡಿಗೆಯವರ ಕೋಣೆ. ಇದೂ. ನೊನ್ನಾ ಮಲಗುತ್ತಿದ್ದದ್ದು ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ. ಬೆಳಗ್ಗೆ ನಾಲ್ಕಕ್ಕೆ ಒಲೆ ಹಚ್ಚಬೇಕಲ್ಲ."

ಐದನೇ ದಿನ: ಹೋಪ್ ಸ್ಮಶಾನ

ಹೋಪ್ ಸಿಮೆಟ್ರಿ 1895ರದ್ದು, 65 ಎಕರೆ. ಇಲ್ಲಿನ ಎಲ್ಲಾ ಗೋರಿಕಲ್ಲೂ ಬ್ಯಾರಿಯ ಬೂದು ಗ್ರಾನೈಟ್. ಊರಿನ ಕಲ್ಲು, ಊರಿನ ಕೈ. ಎಲಿಯಾ ಕೋರ್ತಿಯ ಪ್ರತಿಮೆ ಇಲ್ಲೇ ಇದೆ. ಅವರ ಸಹೋದರ ಮತ್ತು ನಂಟ ಸೇರಿ ಕೆತ್ತಿದ್ದು. ಕೋಟಿನ ಗುಂಡಿ, ಪ್ಯಾಂಟಿನ ಮಡಿಕೆ, ಪಕ್ಕದಲ್ಲಿ ಅವರ ಉಪಕರಣಗಳು. ಕೆತ್ತುವವರ ದುಃಖ ಬೆರಳಲ್ಲಿ ಹೇಗೆ ಇಳಿಯುತ್ತದೆ ಅಂತ ನಾನು ಅಲ್ಲಿ ನೋಡಿದೆ. ಸ್ವಲ್ಪ ಆಚೆ ಲೂಯಿ ಬ್ರೂಸಾ ಅವರ ಗೋರಿ. ಸಾಯುತ್ತಿರುವ ಗಂಡಸನ್ನು ಹೆಂಗಸೊಬ್ಬಳು ಆತು ಹಿಡಿದುಕೊಂಡಿದ್ದಾಳೆ. ಅವರೂ ಕಲ್ಲುಕುಟಿಗರೇ, 1937ರಲ್ಲಿ ಸಿಲಿಕೋಸಿಸ್‌ನಿಂದ ತೀರಿಕೊಂಡರು. ಅತ್ತೆ ಅದರ ಮುಂದೆ ನಿಲ್ಲಲಾರದೆ ಮುಂದೆ ಹೋದರು.

ಅಜ್ಜನ ಗೋರಿಯ ಸಾಲು, ನಂಬರ್ ನಮ್ಮ ಹತ್ತಿರ ಇತ್ತು. ಪ್ರತಿಮೆ ಇಲ್ಲ. ಮೊಣಕಾಲೆತ್ತರದ ಕಲ್ಲು. ಮೇಲಂಚಿನಲ್ಲಿ ಸುತ್ತ ಒಂದು ದ್ರಾಕ್ಷಿ ಬಳ್ಳಿ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರು ಕೆತ್ತಿದ್ದು ಅಂತ ಮನೆಯಲ್ಲಿ ಹೇಳುತ್ತಿದ್ದರು. ಬಕೆಟ್ಟಿನಲ್ಲಿ ನೀರು, ಮೃದು ಬ್ರಷ್ ತಂದಿದ್ದೆವು. ಹಳೆಯ ಕಲ್ಲಿಗೆ ಸೋಪು, ವಿನೆಗರ್, ತಂತಿ ಬ್ರಷ್ ಏನೂ ಮುಟ್ಟಿಸಬಾರದು. ಮಗಳು ಮಂಡಿಯೂರಿ ಪಾಚಿ ತೊಳೆದಳು.

ಅಕ್ಷರ ಮೇಲೆದ್ದವು. ಅಜ್ಜನ ಹೆಸರು, 1876, 1921. ಅದರ ಕೆಳಗೆ ಅಜ್ಜಿ. ಅಮೆರಿಕದ ಒಂದೊಂದು ಕಾಗದದಲ್ಲೂ ಅವಳು ಗಂಡನ ಮನೆತನದ ಹೆಸರಿನಲ್ಲೇ ಇದ್ದಳು. ಕಲ್ಲಿನ ಮೇಲೆ ಮಾತ್ರ ತವರಿನ ಹೆಸರೂ ಇತ್ತು. ಇಟಲಿಯಲ್ಲಿ ಹೆಂಗಸಿಗೆ ಮದುವೆಯಾದರೂ ಕಾಗದದಲ್ಲಿ ತವರಿನ ಹೆಸರೇ ಇರುತ್ತದೆ. ಆ ರೂಢಿ ಇಲ್ಲಿ ಕಲ್ಲಿನಲ್ಲಿ ಉಳಿದಿತ್ತು.

"ಅಮ್ಮಾ, ಇಲ್ಲಿ ನೋಡು" ಅಂದಳು ಮಗಳು. ಬೆರಳಿಟ್ಟಿದ್ದು ಅಜ್ಜಿ ಸತ್ತ ವರ್ಷದ ಮೇಲೆ. 1958. ‘19’ ಆಳವಾಗಿ, ಅಂಚು ಚೂಪಾಗಿ, ಅಜ್ಜನ 1921ರ ತರಹವೇ ಇತ್ತು. ‘58’ ಬೇರೆ. ತೆಳು, ಸ್ವಲ್ಪ ಅಗಲ. ಬೇರೆ ಕೈ, ಬೇರೆ ಉಪಕರಣ.

ಅಂದರೆ 1921ರಲ್ಲೇ, ಗಂಡನ ಕಲ್ಲು ನಿಲ್ಲಿಸುವಾಗಲೇ, ಅಜ್ಜಿ ತನ್ನ ಹೆಸರನ್ನೂ ಕೆತ್ತಿಸಿದ್ದಳು. ‘19’ ಬರೆಸಿ, ಪಕ್ಕದಲ್ಲಿ ಎರಡು ಅಂಕಿಯ ಜಾಗ ಖಾಲಿ ಬಿಡಿಸಿದ್ದಳು. ಆಗ ಅವಳಿಗೆ 41. ಮಕ್ಕಳನ್ನು ಕಟ್ಟಿಕೊಂಡು ವಿಜ್ಜೂಗೆ ವಾಪಸ್ಸು ಹೋಗಬಹುದಿತ್ತು. ಎಷ್ಟೋ ಜನ ಹೋದರು. ಅವಳು ಹೋಗುವುದಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿದ್ದಳು. ಮನೆ ಕೊಂಡಿದ್ದು ಅದಾಗಿ ಐದು ವರ್ಷಕ್ಕೆ.

ಅತ್ತೆಗೆ ಬಗ್ಗಲು ಆಗುವುದಿಲ್ಲ. ನಾನು ಮಡಚುವ ಕುರ್ಚಿ ತಂದು ಹಾಕಿದೆ. ಕೂತು, ಕೈ ಚಾಚಿ, ‘19’ರ ಮೇಲೆ ಬೆರಳಾಡಿಸಿದರು. ಆಮೇಲೆ ‘58’ರ ಮೇಲೆ.

"ಇದನ್ನು ಕೆತ್ತುವಾಗ ನಾನು ಇಲ್ಲೇ ಇದ್ದೆ" ಅಂದರು. "ಅಮ್ಮನ ಕೈ ಹಿಡಿದುಕೊಂಡು. ಆ ಮನುಷ್ಯ ಮೂಗಿಗೆ ಮಾಸ್ಕ್ ಹಾಕಿಕೊಂಡಿದ್ದ. ನನಗೆ ಅದು ಒಂದೇ ನೆನಪಿತ್ತು. ಯಾಕೆ ಮಾಸ್ಕ್ ಅಂತ ಕೇಳಿದ್ದಕ್ಕೆ ಅಮ್ಮ ಗದರಿಸಿದ್ದಳು."

ಮಗಳು ಉಳಿದ ನೀರನ್ನು ಕಲ್ಲಿನ ಬುಡಕ್ಕೆ ಸುರಿದಳು. ಮಧ್ಯಾಹ್ನದ ಬಿಸಿಲಿಗೆ ಕಲ್ಲು ಬೇಗ ಒಣಗಿತು. ಅತ್ತೆ ಕೈಚೀಲದಿಂದ 1930ರ ಹಾಳೆಯ ನಕಲು ತೆಗೆದು, ಪೆನ್ ಕೇಳಿದರು. ‘ನನ್’ ಅಂತಿದ್ದದ್ದನ್ನು ಹೊಡೆಯಲಿಲ್ಲ. ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆಯತೊಡಗಿದರು: ನೂಲು ತೆಗೆದಳು, ಬೋರ್ಡಿಂಗ್ ಮನೆ ನಡೆಸಿದಳು, ಬಟ್ಟೆ ಒಗೆದಳು, ವೈನ್ ಮಾಡಿದಳು. ಅಂಚಿನಲ್ಲಿ ಜಾಗ ಸಾಲದೆ ಹಾಳೆ ತಿರುಗಿಸಿದರು.